ಒಂದೇ ಅಳತೆಯ ಪಾಲಿಮರ್ ಕಣಗಳು: ಎಲ್ಲವೂ ನಿರ್ಧಾರವಾಗುವುದು ಮೊದಲ ನಿಮಿಷಗಳಲ್ಲಿ

ಪ್ರಶ್ನೆ: ನಾನು ರಸಾಯನಶಾಸ್ತ್ರದ ಎಂ.ಎಸ್ಸಿ. ವಿದ್ಯಾರ್ಥಿ. ರೋಗಪತ್ತೆಯ ಪರೀಕ್ಷಾಪಟ್ಟಿಯಲ್ಲಿ ಬಳಸಲು ಸುಮಾರು 300 ನ್ಯಾನೊಮೀಟರ್ ವ್ಯಾಸದ, ಒಂದೇ ಗಾತ್ರದ ಪಾಲಿಸ್ಟೈರೀನ್ ಕಣಗಳನ್ನು ತಯಾರಿಸಬೇಕಿತ್ತು. 180 ಮಿ.ಲೀ. ನೀರು, 20 ಮಿ.ಲೀ. ಸ್ಟೈರೀನ್, 2 ಗ್ರಾಂ ಸೋಡಿಯಂ ಡೊಡೆಸಿಲ್ ಸಲ್ಫೇಟ್ (ಎಸ್‌ಡಿಎಸ್) ಹಾಗೂ 0.2 ಗ್ರಾಂ ಪೊಟ್ಯಾಸಿಯಂ ಪರ್ಸಲ್ಫೇಟ್ ಇವೆಲ್ಲವನ್ನೂ ಒಟ್ಟಿಗೆ ಸೇರಿಸಿ, ಕಲಕುತ್ತಾ ನಿಧಾನವಾಗಿ 70 ಡಿಗ್ರಿ ಸೆಲ್ಸಿಯಸ್‌ಗೆ ಬಿಸಿಮಾಡಿದೆ. ಬಂದ ಕಣಗಳ ಸರಾಸರಿ ವ್ಯಾಸ 80 ನ್ಯಾನೊಮೀಟರ್. ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಸಣ್ಣವೂ ದೊಡ್ಡವೂ ಬೆರೆತು ಕಾಣುತ್ತಿವೆ. ಬೆಳಕಿನ ಚದುರಿಕೆಯ ಉಪಕರಣ ಗಾತ್ರದ ಹರಡುವಿಕೆಯ ಸೂಚ್ಯಂಕವಾದ ಪಿಡಿಐ 0.15 ಎಂದು ತೋರಿಸಿತು. ಕಲಕುವ ವೇಗ ಹೆಚ್ಚಿಸಿದರೆ ಸರಿಹೋಗುವುದೇ, ಅಥವಾ ರಾಫ್ಟ್‌ನಂತಹ ನಿಯಂತ್ರಿತ ಪಾಲಿಮರೀಕರಣಕ್ಕೆ ಹೋಗಬೇಕೇ?

ಉತ್ತರ: ಎರಡೂ ಬೇಡ. ಕಲಕುವ ವೇಗಕ್ಕೂ ನಿಮ್ಮ ಕಣಗಳ ಗಾತ್ರಕ್ಕೂ ಇರುವ ನಂಟು ನೀವು ಭಾವಿಸಿರುವುದಕ್ಕಿಂತ ಬಹಳ ದುರ್ಬಲವಾದದ್ದು. ಇನ್ನು ರಾಫ್ಟ್ ನಿಯಂತ್ರಿಸುವುದು ಅಣುಸರಪಳಿಯ ಉದ್ದವನ್ನೇ ಹೊರತು ಕಣದ ವ್ಯಾಸವನ್ನಲ್ಲ. ನಿಮ್ಮ ತಯಾರಿಯಲ್ಲಿ ಕೆಟ್ಟಿರುವುದು ಕಣಗಳು ಹುಟ್ಟಿದ ಹೊತ್ತು. ಕಣಗಳೆಲ್ಲ ಒಂದೇ ಗಾತ್ರಕ್ಕೆ ಬರಬೇಕಾದರೆ ಅವು ಬಹಳ ಕಡಿಮೆ ಅವಧಿಯಲ್ಲಿ ಒಟ್ಟಿಗೆ ಹುಟ್ಟಬೇಕು, ಆಮೇಲೆ ಹೊಸ ಕಣ ಹುಟ್ಟಬಾರದು, ಹುಟ್ಟಿದವು ಒಂದಕ್ಕೊಂದು ಅಂಟಿಕೊಳ್ಳಬಾರದು. ಒಂದೇ ಹದಮಳೆಗೆ ಬಿತ್ತಿದ ಹೊಲದಲ್ಲಿ ಪೈರು ಸಮನಾಗಿ ಏಳುತ್ತದೆ. ವಾರಗಟ್ಟಲೆ ಬಿತ್ತುತ್ತಾ ಹೋದ ಹೊಲದಲ್ಲಿ ಏಳುವುದಿಲ್ಲ. ನೀವು ಎಲ್ಲವನ್ನೂ ತಣ್ಣಗಿರುವಾಗಲೇ ಬೆರೆಸಿ ನಿಧಾನವಾಗಿ ಬಿಸಿಮಾಡಿದ್ದರಿಂದ, ಪರ್ಸಲ್ಫೇಟ್ 50 ಡಿಗ್ರಿ ದಾಟಿದಾಗಿನಿಂದಲೇ ಅಲ್ಪಸ್ವಲ್ಪ ಒಡೆಯುತ್ತಾ, ಉಷ್ಣತೆ ಏರಿದಂತೆ ಹೆಚ್ಚು ಹೆಚ್ಚು ಒಡೆಯುತ್ತಾ, ಕಣಗಳ ಹುಟ್ಟನ್ನು ಬಹಳ ಹೊತ್ತು ಎಳೆದಾಡಿದೆ.

ಈ ತತ್ತ್ವ ಪಾಲಿಮರ್‌ಗಳಿಗಷ್ಟೇ ಸೇರಿದ್ದಲ್ಲ. 1950ರಲ್ಲಿ ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದ ವಿಕ್ಟರ್ ಲಾಮೆರ್ ಮತ್ತು ರಾಬರ್ಟ್ ಡೈನ್‌ಗಾರ್ ಅವರು ಗಂಧಕದ ಏಕರೂಪ ಕಣಗಳ ಬಗ್ಗೆ ಬರೆಯುತ್ತಾ ಇದನ್ನು ಸ್ಪಷ್ಟಪಡಿಸಿದರು. ದ್ರಾವಣದಲ್ಲಿ ವಸ್ತುವಿನ ಸಾಂದ್ರತೆ ಒಂದು ಮಿತಿಯನ್ನು ದಾಟಿದಾಗ ಬೀಜಕಣಗಳು ಒಮ್ಮೆಗೇ ಹುಟ್ಟುತ್ತವೆ. ಹುಟ್ಟಿದ ಕಣಗಳು ವಸ್ತುವನ್ನು ಹೀರತೊಡಗಿದ ಕೂಡಲೇ ಸಾಂದ್ರತೆ ಆ ಮಿತಿಗಿಂತ ಕೆಳಗಿಳಿದು ಹೊಸ ಹುಟ್ಟು ನಿಲ್ಲುತ್ತದೆ. ಉಳಿದ ವಸ್ತುವೆಲ್ಲ ಇರುವ ಕಣಗಳ ಬೆಳವಣಿಗೆಗೆ ಹೋಗುತ್ತದೆ.

ಮೊದಲು ನಿಮ್ಮ 80 ನ್ಯಾನೊಮೀಟರ್‌ನ ಲೆಕ್ಕ ನೋಡೋಣ. 20 ಮಿ.ಲೀ. ಸ್ಟೈರೀನ್ ಎಂದರೆ ಸುಮಾರು 18 ಗ್ರಾಂ. ಅದೆಲ್ಲವೂ 300 ನ್ಯಾನೊಮೀಟರ್ ಗೋಳಗಳಾದರೆ ಅವುಗಳ ಸಂಖ್ಯೆ ಸುಮಾರು 1,200 ಲಕ್ಷ ಕೋಟಿ. ಅಷ್ಟೇ ವಸ್ತುವನ್ನು 80 ನ್ಯಾನೊಮೀಟರ್ ಗೋಳಗಳಾಗಿ ಹಂಚಿದರೆ ಸಂಖ್ಯೆ ಅದರ ಸುಮಾರು 53 ಪಟ್ಟು. ಅಂದರೆ ಮಾನೊಮರ್ (ಪಾಲಿಮರ್ ಆಗಿ ಬೆಸೆಯುವ ಚಿಕ್ಕ ಅಣು, ಇಲ್ಲಿ ಸ್ಟೈರೀನ್) ಎಷ್ಟೆಂಬುದು ನಿಶ್ಚಯವಾದ ಮೇಲೆ, ಗಾತ್ರದ ಪ್ರಶ್ನೆ ಎಂಬುದು ಕಣಗಳ ಸಂಖ್ಯೆಯ ಪ್ರಶ್ನೆಯೇ. ನಿಮಗೆ 53 ಪಟ್ಟು ಹೆಚ್ಚು ಕಣಗಳು ಹುಟ್ಟಿವೆ, ಅದಕ್ಕೆ ಕಾರಣ ಎಸ್‌ಡಿಎಸ್. 180 ಮಿ.ಲೀ. ನೀರಿನಲ್ಲಿ 2 ಗ್ರಾಂ ಎಂದರೆ ಲೀಟರಿಗೆ ಸುಮಾರು 38 ಮಿಲಿಮೋಲ್. ಎಸ್‌ಡಿಎಸ್ ಅಣುಗಳು ಗುಂಪುಗೂಡಿ ಮೈಸೆಲ್‌ಗಳಾಗುವ ಮಿತಿ ಲೀಟರಿಗೆ ಸುಮಾರು 8 ಮಿಲಿಮೋಲ್ ಮಾತ್ರ. ನೀವು ಮಿತಿಯ ಐದು ಪಟ್ಟಿನ ಹತ್ತಿರ ಹಾಕಿದ್ದೀರಿ. ಪರ್ಸಲ್ಫೇಟ್ ಒಡೆದು ನೀರಿನಲ್ಲಿ ಹುಟ್ಟಿದ ಚುರುಕು ತುಣುಕು, ಅಂದರೆ ರ್‍ಯಾಡಿಕಲ್ ಒಂದೊಂದು ಮೈಸೆಲ್ಲನ್ನು ಹೊಕ್ಕಂತೆ ಒಂದೊಂದು ಕಣ ಆರಂಭವಾಗುತ್ತದೆ. ಮೈಸೆಲ್‌ಗಳು ಮುಗಿಯುವವರೆಗೂ ಹೊಸ ಕಣಗಳು ಹುಟ್ಟುತ್ತಲೇ ಇರುತ್ತವೆ. 1948ರಲ್ಲಿ ಸ್ಮಿತ್ ಮತ್ತು ಎವಾರ್ಟ್ ಕೊಟ್ಟ ಸಿದ್ಧಾಂತದ ಪ್ರಕಾರ ಕಣಗಳ ಸಂಖ್ಯೆಯು ಸರ್ಫ್ಯಾಕ್ಟಂಟ್ (ಸಾಬೂನಿನಂತಹ ವಸ್ತು, ಇಲ್ಲಿ ಎಸ್‌ಡಿಎಸ್) ಪ್ರಮಾಣದ 0.6ನೇ ಘಾತಕ್ಕೂ ಇನಿಶಿಯೇಟರ್ (ಕ್ರಿಯೆ ಆರಂಭಿಸುವ ವಸ್ತು, ಇಲ್ಲಿ ಪರ್ಸಲ್ಫೇಟ್) ಪ್ರಮಾಣದ 0.4ನೇ ಘಾತಕ್ಕೂ ಅನುಪಾತದಲ್ಲಿರುತ್ತದೆ. ಅದರಲ್ಲಿ ಕಲಕುವ ವೇಗಕ್ಕೆ ಸ್ಥಾನವಿಲ್ಲದಿರುವುದನ್ನು ಗಮನಿಸಿ. ಕಣ್ಣಿಗೆ ಕಾಣುವ ಸ್ಟೈರೀನ್ ಹನಿಗಳು ಮಾನೊಮರ್‌ನ ಉಗ್ರಾಣ ಮಾತ್ರ, ಪಾಲಿಮರೀಕರಣ ನಡೆಯುವುದು ಅವುಗಳಲ್ಲಿ ಅಲ್ಲ. ಕಲಕುವುದರಿಂದ ಹನಿಗಳು ಚಿಕ್ಕದಾಗಬಹುದು, ಕಣಗಳು ಆಗುವುದಿಲ್ಲ. ವೇಗ ಅತಿಯಾದರೆ ಗಾಳಿ ಒಳಗೆಳೆದುಕೊಂಡು ಆಮ್ಲಜನಕ ಸೇರುತ್ತದೆ, ಕಣಗಳು ಡಿಕ್ಕಿಯಾಗಿ ಗಡ್ಡೆಕಟ್ಟುತ್ತವೆ.

ಹುಟ್ಟಿನ ಅವಧಿಯಲ್ಲಿ ಸ್ವಲ್ಪ ವ್ಯತ್ಯಾಸ ಉಳಿದೇ ಉಳಿಯುತ್ತದೆ. ಆದರೂ ಕೊನೆಯಲ್ಲಿ ಕಣಗಳು ಏಕರೂಪವಾಗಬಲ್ಲವು. ಈ ವಿಷಯದಲ್ಲಿ ನನಗೆ ಅತ್ಯಂತ ಸುಂದರವಾಗಿ ಕಾಣುವ ಅಂಶವೇ ಇದು. ಲೇಟೆಕ್ಸ್, ಅಂದರೆ ಪಾಲಿಮರ್ ಕಣಗಳು ನೀರಿನಲ್ಲಿ ಹರಡಿರುವ ಹಾಲಿನಂತಹ ದ್ರವದ ಚಿಕ್ಕ ಕಣವೊಂದರಲ್ಲಿ ಒಂದು ಸಮಯಕ್ಕೆ ಸಾಮಾನ್ಯವಾಗಿ ಒಂದೇ ಬೆಳೆಯುವ ರ್‍ಯಾಡಿಕಲ್ ಇರುತ್ತದೆ ಅಥವಾ ಯಾವುದೂ ಇರುವುದಿಲ್ಲ, ಕಣ ಸ್ವಲ್ಪ ದೊಡ್ಡದಿರಲಿ ಚಿಕ್ಕದಿರಲಿ. ಹಾಗಾಗಿ ಒಂದು ಗಂಟೆಯಲ್ಲಿ ಎರಡೂ ಕಣಗಳಿಗೆ ಸೇರುವ ಪಾಲಿಮರ್ ಹೆಚ್ಚುಕಡಿಮೆ ಒಂದೇ ಪ್ರಮಾಣದ್ದು. ಈಗ 100 ಮತ್ತು 150 ನ್ಯಾನೊಮೀಟರ್ ವ್ಯಾಸದ ಎರಡು ಕಣಗಳನ್ನು ತೆಗೆದುಕೊಂಡು, ಮೊದಲನೆಯದು 300 ನ್ಯಾನೊಮೀಟರ್ ಆಗಲು ಎಷ್ಟು ಪಾಲಿಮರ್ ಬೇಕೋ ಅಷ್ಟನ್ನೇ ಎರಡನೆಯದಕ್ಕೂ ಸೇರಿಸಿ. ಎರಡನೆಯದು ಸುಮಾರು 308 ನ್ಯಾನೊಮೀಟರ್ ಆಗುತ್ತದೆ, ಅಷ್ಟೆ. ಆರಂಭದಲ್ಲಿದ್ದ 50 ಪ್ರತಿಶತ ಅಂತರ ಕೊನೆಗೆ 3 ಪ್ರತಿಶತಕ್ಕೆ ಇಳಿಯಿತು. ಘನಫಲ ಸಮನಾಗಿ ಏರಿದಾಗ ವ್ಯಾಸದ ಅಂತರ ತಾನಾಗಿ ಕುಗ್ಗುತ್ತದೆ. ಬೆಳವಣಿಗೆ ಹುಟ್ಟಿನ ಅವಧಿಗಿಂತ ಬಹುಪಟ್ಟು ದೀರ್ಘವಾಗಿರಬೇಕು ಎಂದು ಹೇಳುವುದು ಇದಕ್ಕಾಗಿಯೇ. ನಿಮ್ಮಲ್ಲಿ ಕಣಗಳ ಸಂಖ್ಯೆ ಅತಿಯಾಗಿದ್ದರಿಂದ ಪ್ರತಿ ಕಣಕ್ಕೂ ಸಿಕ್ಕ ಪಾಲು ಅಲ್ಪ; ಅಂತರ ಕುಗ್ಗುವಷ್ಟು ಬೆಳೆಯುವ ಮೊದಲೇ ಮಾನೊಮರ್ ಮುಗಿದುಹೋಯಿತು.

300 ನ್ಯಾನೊಮೀಟರ್ ಗುರಿಗೆ ನಾನು ಸೂಚಿಸುವುದು ಸರ್ಫ್ಯಾಕ್ಟಂಟ್ ಇಲ್ಲದ ಎಮಲ್ಷನ್ ಪಾಲಿಮರೀಕರಣ. ಬ್ರಿಸ್ಟಲ್‌ನ ಗುಡ್ವಿನ್, ಹರ್ನ್, ಹೋ ಮತ್ತು ಆಟವಿಲ್ ಅವರು 1974ರಲ್ಲಿ ಇದನ್ನು ವ್ಯವಸ್ಥಿತವಾಗಿ ಅಧ್ಯಯನ ಮಾಡಿ, ಏನು ಬದಲಿಸಿದರೆ ಗಾತ್ರ ಎತ್ತ ಹೋಗುತ್ತದೆ ಎಂಬುದನ್ನು ಸ್ಪಷ್ಟಪಡಿಸಿದರು. ಇಲ್ಲಿ ಮೈಸೆಲ್‌ಗಳೇ ಇಲ್ಲ. ಸ್ಟೈರೀನ್ ನೀರಿನಲ್ಲಿ ಲೀಟರಿಗೆ ಸುಮಾರು 0.3 ಗ್ರಾಂ ಮಾತ್ರ ಕರಗುತ್ತದೆ, ಆದರೆ ಆ ಅಲ್ಪವೇ ಸಾಕು. ಪರ್ಸಲ್ಫೇಟ್ ಒಡೆದು ಬಂದ ಸಲ್ಫೇಟ್ ರ್‍ಯಾಡಿಕಲ್, ಕರಗಿರುವ ಸ್ಟೈರೀನ್ ಅಣುಗಳನ್ನು ಒಂದೊಂದಾಗಿ ಸೇರಿಸಿಕೊಳ್ಳುತ್ತಾ ಹೋಗಿ, ಸರಪಳಿ ನೀರಿನಲ್ಲಿ ಇರಲಾಗದಷ್ಟು ಉದ್ದವಾದಾಗ ಸುರುಳಿಗೊಂಡು ಪುಟ್ಟ ಕಣವಾಗಿ ಬೇರ್ಪಡುತ್ತದೆ. ಇಂತಹ ಪುಟ್ಟ ಕಣಗಳ ಮೇಲ್ಮೈಯಲ್ಲಿ ಸಲ್ಫೇಟ್ ವಿದ್ಯುದಾವೇಶ ಸಾಕಷ್ಟಿಲ್ಲದ ಕಾರಣ ಅವು ಒಂದರೊಡನೊಂದು ಸೇರುತ್ತವೆ; ಸೇರಿದಂತೆ ಘನಫಲಕ್ಕೆ ಹೋಲಿಸಿದರೆ ಮೇಲ್ಮೈ ಕಡಿಮೆಯಾಗಿ ಆವೇಶ ದಟ್ಟವಾಗುತ್ತದೆ; ಪರಸ್ಪರ ವಿಕರ್ಷಿಸುವಷ್ಟು ಆವೇಶ ಬಂದಾಗ ಸೇರುವಿಕೆ ನಿಲ್ಲುತ್ತದೆ. ಅಲ್ಲಿಗೆ ಕಣಗಳ ಸಂಖ್ಯೆ ನಿಶ್ಚಯವಾಯಿತು. ನಂತರ ನೀರಿನಲ್ಲಿ ಹುಟ್ಟುವ ಪ್ರತಿ ಹೊಸ ಸರಪಳಿಯನ್ನೂ ಸುತ್ತಲಿನ ದೊಡ್ಡ ಕಣಗಳು ಸೆಳೆದುಕೊಳ್ಳುವುದರಿಂದ ಹೊಸ ಕಣಕ್ಕೆ ಅವಕಾಶವೇ ಉಳಿಯುವುದಿಲ್ಲ. ಒಟ್ಟು ಕ್ರಿಯೆ ಒಂದು ಹಗಲು ಒಂದು ರಾತ್ರಿ ನಡೆದರೂ ಈ ತೀರ್ಮಾನ ಮೊದಲ ಕೆಲವು ನಿಮಿಷಗಳಲ್ಲೇ ಮುಗಿದಿರುತ್ತದೆ.

ಕೆಲಸದ ಕ್ರಮ ಹೀಗಿರಲಿ. ಸ್ಟೈರೀನ್ ಬಾಟಲಿಯಲ್ಲಿ ಅದು ತಾನಾಗಿ ಗಟ್ಟಿಯಾಗದಂತೆ ತಡೆಯುವ ಬ್ಯುಟೈಲ್ ಕ್ಯಾಟೆಕಾಲ್ ಇರುತ್ತದೆ. ಅದನ್ನು ಅಲ್ಯುಮಿನಾ ಕಾಲಂ ಮೂಲಕ ಹಾಯಿಸಿ ತೆಗೆಯಬೇಕು, ಫ್ಯೂಮ್ ಹುಡ್‌ನ ಒಳಗೇ. ಮೂರು ಬಾಯಿಯ ದುಂಡು ಫ್ಲಾಸ್ಕಿನಲ್ಲಿ 170 ಮಿ.ಲೀ. ಅಯಾನುರಹಿತ ನೀರನ್ನು 70 ಡಿಗ್ರಿಗೆ ತಂದು, ನೈಟ್ರೋಜನ್ ಅನಿಲವನ್ನು ಅರ್ಧ ಗಂಟೆ ಹಾಯಿಸಿ, 10 ಮಿ.ಲೀ. ಸ್ಟೈರೀನ್ ಹಾಕಿ, ನಿಮಿಷಕ್ಕೆ 300ರಿಂದ 350 ಸುತ್ತಿನ ವೇಗದಲ್ಲಿ ಕಲಕುತ್ತಾ ಉಷ್ಣತೆ ಮತ್ತೆ 70ಕ್ಕೆ ಬಂದು ನಿಲ್ಲುವವರೆಗೂ ಕಾಯಬೇಕು. ಈ ಕಾಯುವಿಕೆಯನ್ನು ದಯವಿಟ್ಟು ಬಿಡಬೇಡಿ. ಪರ್ಸಲ್ಫೇಟನ್ನು ಪುಡಿಯಾಗಿ ಹಾಕದೆ, 10 ಮಿ.ಲೀ. ಬೆಚ್ಚಗಿನ ನೀರಿನಲ್ಲಿ ಪೂರ್ತಿ ಕರಗಿಸಿಕೊಂಡು, ಒಂದೇ ಬಾರಿಗೆ ಸುರಿಯಬೇಕು. ಮೊದಲು ತಿಳಿಯಾಗಿದ್ದ ನೀರಿಗೆ ತೆಳು ನೀಲಿ ಛಾಯೆ ಬರುತ್ತದೆ. ಅದು ನೂರು ನ್ಯಾನೊಮೀಟರ್ ಆಸುಪಾಸಿನ ಕಣಗಳು ಬೆಳಕಿನ ನೀಲಿ ಭಾಗವನ್ನು ಹೆಚ್ಚು ಚದುರಿಸುವುದರ ಗುರುತು. ಕಣಗಳು ಬೆಳೆದಂತೆ ನೀಲಿ ಅಳಿದು ಗಟ್ಟಿ ಬಿಳುಪು ತುಂಬಿಕೊಳ್ಳುತ್ತದೆ. ಈ ನೀಲಿ ಛಾಯೆ ಬರಲು ಬಹಳ ತಡವಾದರೆ ಒಳಗೆ ಆಮ್ಲಜನಕವೋ ಕ್ಯಾಟೆಕಾಲೋ ಉಳಿದಿದೆ ಎಂದೇ ತಿಳಿಯಬೇಕು, ಏಕೆಂದರೆ ಎರಡೂ ಮೊದಲ ರ್‍ಯಾಡಿಕಲ್‌ಗಳನ್ನು ನುಂಗುತ್ತವೆ. ಅವು ಮುಗಿಯುವ ಹೊತ್ತಿಗೆ ಹುಟ್ಟಿನ ಕ್ಷಣ ಹರಿದು ಹಂಚಿಹೋಗಿರುತ್ತದೆ.

ಈ ಪಾಕದಲ್ಲಿ ಸಾಮಾನ್ಯವಾಗಿ 300ರಿಂದ 500 ನ್ಯಾನೊಮೀಟರ್ ನಡುವಿನ ಕಣಗಳು ಬರುತ್ತವೆ. ಗಾತ್ರ ದೊಡ್ಡದಾಯಿತೆಂದರೆ ಉಷ್ಣತೆ ಸ್ವಲ್ಪ ಏರಿಸಬಹುದು, ಸ್ಟೈರೀನ್ ಕಡಿಮೆ ಮಾಡಬಹುದು, ಅಥವಾ ಮೈಸೆಲ್ ಮಿತಿಗಿಂತ ಬಹಳ ಕೆಳಗಿರುವಷ್ಟು ಅಲ್ಪ ಎಸ್‌ಡಿಎಸ್ ಸೇರಿಸಬಹುದು. ಚಿಕ್ಕದಾಯಿತೆಂದರೆ ಒಂದಿಷ್ಟು ಸೋಡಿಯಂ ಕ್ಲೋರೈಡ್ ಸಾಕು: ಉಪ್ಪು ಕಣಗಳ ನಡುವಿನ ವಿಕರ್ಷಣೆಯನ್ನು ತಗ್ಗಿಸುವುದರಿಂದ ಪುಟ್ಟ ಕಣಗಳು ಇನ್ನೂ ಸ್ವಲ್ಪ ಹೊತ್ತು ಸೇರುತ್ತಾ ಹೋಗಿ ಕಡಿಮೆ ಸಂಖ್ಯೆಯ, ದೊಡ್ಡ ಕಣಗಳಾಗುತ್ತವೆ. ಇದೇ ಕಾರಣಕ್ಕೆ ನೀರಿನ ಗುಣ ದಿನದಿಂದ ದಿನಕ್ಕೆ ಬದಲಾದರೆ ಗಾತ್ರವೂ ಬದಲಾಗುತ್ತದೆ. ಹಳೆಯ ಡಿಸ್ಟಿಲೇಷನ್ ಘಟಕದ ನೀರನ್ನು ನಂಬದೆ, ಪ್ರತಿಸಲವೂ ಅದರ ವಾಹಕತೆಯನ್ನು ಅಳೆದು ಬರೆದಿಡುವುದು ಒಳ್ಳೆಯದು.

ಇನ್ನು ಅಳತೆಯ ವಿಷಯ. ನಿಮ್ಮ ಪಿಡಿಐ 0.15 ಎಂಬುದು ಚಿಕ್ಕ ಸಂಖ್ಯೆಯಂತೆ ಕಂಡರೂ ಅದು ಹರಡುವಿಕೆಯ ವರ್ಗ. ಅದರ ವರ್ಗಮೂಲ ಸುಮಾರು 0.39, ಅಂದರೆ 39 ಪ್ರತಿಶತ ಹರಡುವಿಕೆ. ಪಿಡಿಐ 0.02 ಬಂದರೂ ಅದು 14 ಪ್ರತಿಶತಕ್ಕೆ ಸಮ. ಏಕರೂಪ ಕಣಗಳೆಂದು ಮಾರುವವರು ಸಾಮಾನ್ಯವಾಗಿ 5 ಪ್ರತಿಶತಕ್ಕಿಂತ ಕಡಿಮೆ ಹರಡುವಿಕೆಯನ್ನು ಗುರಿಯಾಗಿಸಿಕೊಳ್ಳುತ್ತಾರೆ. 3 ಪ್ರತಿಶತಕ್ಕೂ 8 ಪ್ರತಿಶತಕ್ಕೂ ಇರುವ ಭೇದವನ್ನು ಬೆಳಕಿನ ಚದುರಿಕೆಯ ಉಪಕರಣ ನಂಬುವಂತೆ ಹೇಳಲಾರದು. ಅದಕ್ಕಿಂತ ದೊಡ್ಡ ತೊಂದರೆ ಇನ್ನೊಂದಿದೆ. ಬೆಳಕಿನ ತರಂಗಾಂತರಕ್ಕಿಂತ ತುಂಬ ಚಿಕ್ಕದಾದ ಕಣಗಳಲ್ಲಿ ಚದುರಿಕೆ ವ್ಯಾಸದ ಆರನೇ ಘಾತಕ್ಕೆ ಅನುಗುಣವಾಗಿರುವುದರಿಂದ, 80 ನ್ಯಾನೊಮೀಟರ್ ಕಣವೊಂದು 40 ನ್ಯಾನೊಮೀಟರ್ ಕಣಕ್ಕಿಂತ 64 ಪಟ್ಟು ಹೆಚ್ಚು ಬೆಳಕನ್ನು ಚದುರಿಸುತ್ತದೆ. ತಡವಾಗಿ ಹುಟ್ಟಿದ ಸಣ್ಣ ಕಣಗಳು ಎಷ್ಟೇ ಇದ್ದರೂ ಉಪಕರಣಕ್ಕೆ ಬಹುಮಟ್ಟಿಗೆ ಕಾಣುವುದಿಲ್ಲ. ಆದ್ದರಿಂದ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಚಿತ್ರಗಳಲ್ಲಿ ಕೆಲವು ನೂರು ಕಣಗಳನ್ನಾದರೂ ಅಳೆದು ಹರಡುವಿಕೆ ಲೆಕ್ಕ ಹಾಕಬೇಕು. ಚೆನ್ನಾಗಿ ಕಾಣುವ ಮೂಲೆಯ ಇಪ್ಪತ್ತು ಕಣಗಳು ಸಾಲವು. ಖರ್ಚಿಲ್ಲದ ಪರೀಕ್ಷೆಯೂ ಒಂದಿದೆ. ಲೇಟೆಕ್ಸನ್ನು ಡಯಾಲಿಸಿಸ್ ಚೀಲದಲ್ಲಿಟ್ಟು ಲವಣಗಳನ್ನೆಲ್ಲ ತೆಗೆದು, ಒಂದು ಹನಿಯನ್ನು ಗಾಜಿನ ಮೇಲೆ ನಿಧಾನವಾಗಿ ಒಣಗಲು ಬಿಡಿ. 200ರಿಂದ 300 ನ್ಯಾನೊಮೀಟರ್‌ನ ಏಕರೂಪ ಕಣಗಳಾಗಿದ್ದರೆ ಅವು ಸಾಲುಗಟ್ಟಿ ಹರಳಾಗುತ್ತವೆ, ಓಪಲ್ ಕಲ್ಲಿನಲ್ಲಿ ಕಾಣುವ ಹಸಿರು ಕೆಂಪು ಹೊಳಪು ಕೋನ ಬದಲಿಸಿದಂತೆ ಬದಲಾಗುತ್ತದೆ. ಹರಡುವಿಕೆ ಹತ್ತು ಪ್ರತಿಶತ ದಾಟಿದರೆ ಬರುವುದು ಬರೀ ಬಿಳಿ ಪೊರೆ.

ಸಾಲುಗಟ್ಟುವ ಈ ಗುಣ ಎಲ್ಲರಿಗೂ ಬೇಕಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರಗಳಲ್ಲಿ ಕಲಿಲ ಕಣಗಳನ್ನು ದೊಡ್ಡ ಪರಮಾಣುಗಳಂತೆ ಬಳಸಿ ಗಾಜಿನ ಸ್ವಭಾವವನ್ನು ಅಧ್ಯಯನ ಮಾಡುವ ಸಂಶೋಧನೆ ನಡೆದಿದೆ. ಇಂತಹ ಅಧ್ಯಯನದಲ್ಲಿ ಹರಳಾಗದಿರಲೆಂದು ಎರಡು ಗಾತ್ರದ ಕಣಗಳನ್ನು ಬೇಕೆಂದೇ ಬೆರೆಸುವುದುಂಟು. ಆದರೆ ಆ ಎರಡರಲ್ಲಿ ಒಂದೊಂದೂ ತನ್ನಷ್ಟಕ್ಕೆ ಏಕರೂಪವಾಗಿದ್ದರೇ ಫಲಿತಾಂಶಕ್ಕೆ ಅರ್ಥ. ನಿಮ್ಮ ಪರೀಕ್ಷಾಪಟ್ಟಿಯ ಅಗತ್ಯ ಬೇರೆ: ಕಣದ ಮೇಲ್ಮೈಗೆ ಎಷ್ಟು ಪ್ರತಿಕಾಯ ಅಂಟುತ್ತದೆ, ಪಟ್ಟಿಯ ರಂಧ್ರಗಳಲ್ಲಿ ಕಣ ಎಷ್ಟು ವೇಗವಾಗಿ ಸಾಗುತ್ತದೆ ಎಂಬುದೆರಡೂ ವ್ಯಾಸವನ್ನು ಅವಲಂಬಿಸಿವೆ. 1956ರಲ್ಲಿ ಸಿಂಗರ್ ಮತ್ತು ಪ್ಲಾಟ್ಜ್ ಅವರು ಪಾಲಿಸ್ಟೈರೀನ್ ಲೇಟೆಕ್ಸ್ ಬಳಸಿ ಸಂಧಿವಾತದ ರಕ್ತಪರೀಕ್ಷೆಯನ್ನು ರೂಪಿಸಿದಾಗಿನಿಂದ ವೈದ್ಯಕೀಯದಲ್ಲಿ ಈ ಕಣಗಳು ನೆಲೆಯೂರಿವೆ.

ಇಂತಹ ಕಣಗಳು ಎಷ್ಟು ದುರ್ಲಭವಾಗಿದ್ದವು ಎಂಬುದಕ್ಕೆ ಫ್ರಾನ್ಸಿನ ಭೌತವಿಜ್ಞಾನಿ ಜೀನ್ ಪೆರಿನ್ ಅವರ ಶ್ರಮವೇ ಸಾಕ್ಷಿ. 1908ರ ಹೊತ್ತಿಗೆ ಪರಮಾಣುಗಳ ಅಸ್ತಿತ್ವಕ್ಕೆ ಪ್ರಮಾಣ ಹುಡುಕುತ್ತಿದ್ದ ಅವರು, ಗ್ಯಾಂಬೋಜ್ ಎಂಬ ಮರದ ರಾಳದ ಒಂದು ಕಿಲೋಗ್ರಾಂನಿಂದ, ಕೇಂದ್ರಾಪಗಾಮಿ ಯಂತ್ರದಲ್ಲಿ ತಿಂಗಳುಗಟ್ಟಲೆ ಬೇರ್ಪಡಿಸುತ್ತಾ ಹೋಗಿ ಪಡೆದ ಒಂದೇ ಗಾತ್ರದ ಕಣಗಳು ಒಂದು ಗ್ರಾಂನಷ್ಟೂ ಇರಲಿಲ್ಲ. 1940ರ ದಶಕದ ಕೊನೆಯಲ್ಲಿ ಡೌ ಕೆಮಿಕಲ್ ಕಂಪನಿಯ ಲೇಟೆಕ್ಸ್ ತಯಾರಿಯೊಂದರ ಕಣಗಳು ಅಚ್ಚರಿಯಷ್ಟು ಏಕರೂಪವಾಗಿರುವುದನ್ನು ಮಿಷಿಗನ್ ವಿಶ್ವವಿದ್ಯಾಲಯದ ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ತಜ್ಞರು ಗುರುತಿಸಿದರು. ಆ ಸುಮಾರು 260 ನ್ಯಾನೊಮೀಟರ್ ಗೋಳಗಳು ಸೂಕ್ಷ್ಮದರ್ಶಕಗಳಿಗೆ ಅಳತೆಗೋಲಾದವು.

ನಿಮ್ಮ ಕೆಲಸ ಮುಂದೆ ಮೈಕ್ರಾನ್ ಗಾತ್ರಕ್ಕೆ ಬೆಳೆದರೆ ದಾರಿ ಬೇರೆಯಾಗುತ್ತದೆ. ಇರುವ ಕಣಗಳನ್ನೇ ಬೀಜವಾಗಿಸಿ, ಮಾನೊಮರ್ ಊಡಿಸಿ ಬೆಳೆಸಬಹುದು. ಆದರೆ ವ್ಯಾಸ ಎರಡು ಪಟ್ಟಾಗಲು ಎಂಟು ಪಟ್ಟು ದ್ರವ್ಯ ಬೇಕು, ಮತ್ತು ಸಾಮಾನ್ಯ ಕಣವೊಂದು ತನ್ನ ಘನಫಲದ ಕೆಲವೇ ಪಟ್ಟು ಮಾನೊಮರನ್ನು ಹೀರಬಲ್ಲದು, ಹಾಗಾಗಿ ಹಂತ ಹಂತವಾಗಿ ಹೋಗಬೇಕಾಗುತ್ತದೆ. ಎರಡು ಮೂರು ಮೈಕ್ರಾನ್ ದಾಟಿದ ಮೇಲೆ ಗುರುತ್ವ ಅಡ್ಡಬರುತ್ತದೆ: ಸ್ಟೈರೀನ್ ತುಂಬಿದ ಕಣ ನೀರಿಗಿಂತ ಹಗುರವಾಗಿ ತೇಲುತ್ತದೆ, ಗಟ್ಟಿಯಾದ ಪಾಲಿಸ್ಟೈರೀನ್ 1.05 ಸಾಂದ್ರತೆಯಿಂದಾಗಿ ಮುಳುಗುತ್ತದೆ, ತಡೆಯಲೆಂದು ಜೋರಾಗಿ ಕಲಕಿದರೆ ಗಡ್ಡೆಕಟ್ಟುತ್ತದೆ. ಲೀಹೈ ವಿಶ್ವವಿದ್ಯಾಲಯದ ಜಾನ್ ವಾಂಡರ್‌ಹಾಫ್ ಮತ್ತು ಸಂಗಡಿಗರು ಇದಕ್ಕೆ ಹುಡುಕಿದ ಉತ್ತರ ಬಾಹ್ಯಾಕಾಶ. 1982ರಲ್ಲಿ ಕೊಲಂಬಿಯಾ ನೌಕೆಯ ಮೂರನೇ ಯಾನದಲ್ಲಿ ಅವರ ರಿಯಾಕ್ಟರ್ ಮೊದಲ ಸಲ ಹಾರಿತು. ನಂತರದ ಯಾನದಲ್ಲಿ ಬಂದ ಸುಮಾರು 10 ಮೈಕ್ರಾನ್ ಗೋಳಗಳನ್ನು ಅಮೆರಿಕದ ರಾಷ್ಟ್ರೀಯ ಮಾನಕ ಸಂಸ್ಥೆ 1985ರಿಂದ ಅಳತೆಯ ಮಾನಕವಾಗಿ ಮಾರಿತು. ಬಾಹ್ಯಾಕಾಶದಲ್ಲಿ ತಯಾರಾಗಿ ಮಾರಾಟವಾದ ಮೊದಲ ವಸ್ತು ಅದು.

ನಾರ್ವೆಯ ಟ್ರಾನ್‌ಹೈಮ್‌ನಲ್ಲಿ ಜಾನ್ ಉಗೆಲ್‌ಸ್ಟಾಡ್ ಅವರು ಅದಕ್ಕೂ ಮೊದಲೇ, 1970ರ ದಶಕದ ದ್ವಿತೀಯಾರ್ಧದಲ್ಲಿ, ನೆಲದ ಮೇಲೆಯೇ ಈ ತೊಡಕನ್ನು ಉಷ್ಣಗತಿವಿಜ್ಞಾನದ ಲೆಕ್ಕದಿಂದ ಬಿಡಿಸಿದ್ದರು, ಮತ್ತು ಈ ಕ್ಷೇತ್ರದ ಅತ್ಯುತ್ತಮ ಆಲೋಚನೆ ಅದೇ ಎಂದು ನಾನು ನಂಬುತ್ತೇನೆ. ಉದ್ದ ಪಾಲಿಮರ್ ಸರಪಳಿಗಳಿಗೆ ಮಾನೊಮರನ್ನು ಒಳಸೆಳೆಯುವ ಶಕ್ತಿ ಕಡಿಮೆ, ಏಕೆಂದರೆ ಮಿಶ್ರಣದ ಎಂಟ್ರೊಪಿಗೆ ಅವುಗಳ ಕೊಡುಗೆ ಅಲ್ಪ. ಹಾಗಾಗಿ ನೀರಿನಲ್ಲಿ ಬಹುತೇಕ ಕರಗದ ಚಿಕ್ಕ ಅಣುಗಳನ್ನು ಮೊದಲು ಬೀಜಕಣದೊಳಗೆ ತುಂಬಿಸಿ, ಆಮೇಲೆ ಮಾನೊಮರ್ ಕೊಟ್ಟರೆ, ಅದೇ ಕಣ ನೂರು ಪಟ್ಟಿಗಿಂತ ಹೆಚ್ಚು ಮಾನೊಮರನ್ನು ಹೀರುತ್ತದೆ. ಒಂದೇ ಜಿಗಿತದಲ್ಲಿ ಬೆಳೆಯುವುದರಿಂದ ಏಕರೂಪತೆಯೂ ಉಳಿಯುತ್ತದೆ. ಹೀಗೆ ಬೆಳೆಸಿದ ರಂಧ್ರಮಯ ಕಣಗಳೊಳಗೆ ಕಬ್ಬಿಣದ ಆಕ್ಸೈಡ್ ತುಂಬಿಸಿ ಮಾಡಿದ ಕಾಂತೀಯ ಮಣಿಗಳು, ಡೈನಾಬೀಡ್ಸ್ ಎಂಬ ಹೆಸರಿನಲ್ಲಿ, ಇಂದು ಜೀವಕೋಶಗಳನ್ನು ಬೇರ್ಪಡಿಸುವ ಪ್ರಯೋಗಾಲಯಗಳಲ್ಲೆಲ್ಲ ಇವೆ. ಕಾಲೇಜು ಪ್ರಯೋಗಾಲಯದಲ್ಲಿ ಮೈಕ್ರಾನ್ ಗಾತ್ರ ಬೇಕಾದವರಿಗೆ ಇಷ್ಟೆಲ್ಲ ಬೇಕಿಲ್ಲ; ಎಥನಾಲ್‌ನಲ್ಲಿ ಪಾಲಿವಿನೈಲ್ ಪಿರೊಲಿಡೋನ್ ಜೊತೆ ಮಾಡುವ ಡಿಸ್ಪರ್ಷನ್ ಪಾಲಿಮರೀಕರಣದಲ್ಲಿ ಒಂದೇ ಹಂತದಲ್ಲಿ ಒಂದರಿಂದ ಹತ್ತು ಮೈಕ್ರಾನ್‌ವರೆಗೂ ಹೋಗಬಹುದು.

ಕೊನೆಯದಾಗಿ ರಾಫ್ಟ್. 1998ರಲ್ಲಿ ಆಸ್ಟ್ರೇಲಿಯಾದ ಸಿಎಸ್‌ಐಆರ್‌ಒ ಸಂಸ್ಥೆಯಿಂದ ಪ್ರಕಟವಾದ ಈ ವಿಧಾನ ಸರಪಳಿಗಳನ್ನೆಲ್ಲ ಹೆಚ್ಚುಕಡಿಮೆ ಒಂದೇ ಉದ್ದಕ್ಕೆ ಬೆಳೆಸುತ್ತದೆ. ಆದರೆ ನಿಮ್ಮ 300 ನ್ಯಾನೊಮೀಟರ್ ಕಣದೊಳಗೆ ಎಷ್ಟು ಸರಪಳಿಗಳಿವೆ ನೋಡಿ: ಸರಪಳಿಯ ಸರಾಸರಿ ಅಣುತೂಕ ಒಂದು ಲಕ್ಷವಿದ್ದರೆ ಸುಮಾರು 90 ಸಾವಿರ. ಅಷ್ಟು ಸರಪಳಿಗಳಲ್ಲಿ ಒಂದು ಉದ್ದ, ಒಂದು ಗಿಡ್ಡ ಎಂಬುದು ಪರಸ್ಪರ ಸರಿದೂಗಿ ಕಣದ ಗಾತ್ರದಲ್ಲಿ ಗುರುತೇ ಸಿಗದಂತಾಗುತ್ತದೆ. ಎಲ್ಲ ಸರಪಳಿಗಳೂ ಸಮವಾಗಿದ್ದು ಕಣಗಳು ಅಡ್ಡಾದಿಡ್ಡಿಯಾಗಿರಬಹುದು. ಸರಪಳಿಗಳು ಅಡ್ಡಾದಿಡ್ಡಿಯಾಗಿದ್ದು ಕಣಗಳು ಸಮವಾಗಿರಬಹುದು. ಅದೂ ಅಲ್ಲದೆ ಸಾಧಾರಣ ಎಮಲ್ಷನ್ ಪಾಕಕ್ಕೆ ರಾಫ್ಟ್ ಕಾರಕವನ್ನು ನೇರವಾಗಿ ಹಾಕಿದ ಮೊದಮೊದಲ ಯತ್ನಗಳಲ್ಲಿ ಲೇಟೆಕ್ಸ್ ಕೆಟ್ಟು ಬಣ್ಣದ ಎಣ್ಣೆಯಂತಹ ಪದರ ಬೇರ್ಪಡುತ್ತಿತ್ತು. ರಾಫ್ಟ್ ನಿಜವಾಗಿ ಗಾತ್ರವನ್ನು ಆಳುವುದು ಇನ್ನೊಂದು ಸನ್ನಿವೇಶದಲ್ಲಿ: ನೀರಿನಲ್ಲಿ ಕರಗುವ ಒಂದು ತುಂಡಿನ ತುದಿಗೆ ಕರಗದ ಇನ್ನೊಂದು ತುಂಡನ್ನು ಬೆಳೆಸುತ್ತಾ ಹೋದರೆ ಸರಪಳಿಗಳು ತಾವಾಗಿ ಗುಂಪುಗೂಡಿ ಗೋಳ, ಎಳೆ, ಗುಳ್ಳೆಗಳ ಆಕಾರ ತಾಳುತ್ತವೆ. ಬ್ರಿಟನ್ನಿನ ಶೆಫೀಲ್ಡ್‌ನಲ್ಲಿ ಸ್ಟೀವ್ ಆರ್ಮ್ಸ್ ಅವರ ತಂಡ ಈ ವಿಧಾನವನ್ನು ಬಹಳ ದೂರ ಕೊಂಡೊಯ್ದಿದೆ. ಅಲ್ಲಿ ಗೋಳದ ವ್ಯಾಸ ಕರಗದ ತುಂಡಿನ ಉದ್ದವನ್ನೇ ಅನುಸರಿಸುತ್ತದೆ. ಸಾಮಾನ್ಯವಾಗಿ ಅದು ಕೆಲವು ಹತ್ತು ನ್ಯಾನೊಮೀಟರ್‌ಗಳ ಲೋಕ. ಔಷಧ ಸಾಗಿಸುವ 40 ನ್ಯಾನೊಮೀಟರ್ ಕಣ ನಿಮ್ಮ ಗುರಿಯಾಗಿದ್ದರೆ ಅದನ್ನೇ ಸೂಚಿಸುತ್ತಿದ್ದೆ. 300 ನ್ಯಾನೊಮೀಟರ್‌ನ ಪಾಲಿಸ್ಟೈರೀನ್‌ಗೆ ಪರ್ಸಲ್ಫೇಟ್, ಶುದ್ಧ ನೀರು ಮತ್ತು ಇನಿಶಿಯೇಟರ್ ಸುರಿಯುವ ಮುನ್ನ ಸ್ಥಿರವಾಗಿ 70 ಡಿಗ್ರಿಯಲ್ಲಿ ನಿಂತ ಫ್ಲಾಸ್ಕ್ ಇದ್ದರೆ ಸಾಕು.